ಚಿತ್ರದುರ್ಗ ಜಿಲ್ಲೆಗೆ ವರ್ಷಕ್ಕೆ ಎಷ್ಟು ನೆಗೆಟಿವ್ ರಕ್ತ ಬೇಕು?

2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ಇವರಲ್ಲಿ ಆರ್‌ಎಚ್ ನೆಗೆಟಿವ್ ರಕ್ತದವರು ಎಷ್ಟು ಮಂದಿ? ಬೆಂಗಳೂರು ಮತ್ತು ಸುತ್ತಮುತ್ತಲಿನ ಸುಮಾರು 37 ಸಾವಿರ ರಕ್ತದಾನಿಗಳ ಲೆಕ್ಕ ಹಾಕಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಗಿತ್ತು. ಅದರ ಪ್ರಕಾರ ನೂರಕ್ಕೆ 5.79 ಜನ ನೆಗೆಟಿವ್. ಯುರೋಪಿನಲ್ಲಿ ಇದು ಶೇ. 15ರ ಆಸುಪಾಸು. ಬೆಂಗಳೂರಿನ ಪ್ರಮಾಣವನ್ನೇ ನಮ್ಮ ಜಿಲ್ಲೆಗೂ ಹಿಡಿದರೆ ಸುಮಾರು 96 ಸಾವಿರ ಜನ ಸಿಗುತ್ತಾರೆ. ಇಡೀ ಹಿರಿಯೂರು ಪಟ್ಟಣದ ಜನಸಂಖ್ಯೆಗಿಂತ ದೊಡ್ಡ ಸಂಖ್ಯೆ ಇದು. ಆದರೂ ‘ಓ ನೆಗೆಟಿವ್ ತುರ್ತಾಗಿ ಬೇಕು’ ಎಂಬ ವಾಟ್ಸ್ಆ್ಯಪ್ ಸಂದೇಶ ವಾರಕ್ಕೊಮ್ಮೆಯಾದರೂ ನಮ್ಮ ಫೋನಿಗೆ ಬಂದೇ ಬರುತ್ತದೆ.

ಅದೇ ಅಧ್ಯಯನದ ಗುಂಪುವಾರು ಪ್ರಮಾಣ ಹೀಗಿದೆ: ಓ 39.81, ಬಿ 29.95, ಎ 23.85, ಎಬಿ 6.37. ನಮ್ಮ 96 ಸಾವಿರವನ್ನು ಇದೇ ಪ್ರಕಾರ ಹಂಚಿದರೆ ಓ ನೆಗೆಟಿವ್ ಸುಮಾರು 38,250, ಬಿ ನೆಗೆಟಿವ್ 28,800, ಎ ನೆಗೆಟಿವ್ 22,900 ಮತ್ತು ಎಬಿ ನೆಗೆಟಿವ್ ಬರೀ 6,100. ಇದು ಅಂದಾಜು, ಅದೂ ಹಳೆಯ ಜನಗಣತಿಯ ಮೇಲೆ ನಿಂತ ಅಂದಾಜು. ಆದರೆ ಯೋಜನೆ ಹಾಕಿಕೊಳ್ಳಲು ಇಷ್ಟು ಸಾಕು.

ಇನ್ನು ಬೇಡಿಕೆ. ಜನಸಂಖ್ಯೆಯ ಶೇ. 1ರಷ್ಟು ಯೂನಿಟ್ ರಕ್ತ ವರ್ಷಕ್ಕೆ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಥೂಲ ಲೆಕ್ಕ. ಹಾಗಾದರೆ ಜಿಲ್ಲೆಗೆ ವರ್ಷಕ್ಕೆ 16,594 ಯೂನಿಟ್ ಬೇಕು. ಅದರಲ್ಲಿ ನೆಗೆಟಿವ್ ಪಾಲು 961, ಅಂದರೆ ವಾರಕ್ಕೆ ಹದಿನೆಂಟು ಹತ್ತೊಂಬತ್ತು ಬ್ಯಾಗ್. ಓ ನೆಗೆಟಿವ್ ವಾರಕ್ಕೆ ಏಳು. ಎಬಿ ನೆಗೆಟಿವ್ ಆರು ದಿನಕ್ಕೊಂದು.

ಕೊಡಬಲ್ಲವರು ಎಷ್ಟು ಮಂದಿ? ರಕ್ತದಾನಿಗೆ 18ರಿಂದ 65 ವರ್ಷ ವಯಸ್ಸು, ಕನಿಷ್ಠ 45 ಕಿಲೋ ತೂಕ, 12.5 ಗ್ರಾಂ ಹಿಮೋಗ್ಲೋಬಿನ್ ಇರಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಂತೆ ಕರ್ನಾಟಕದ 15–49ರ ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ, ಗಂಡಸರಲ್ಲಿ ಶೇ. 19.6 ಮಂದಿಗೆ ರಕ್ತಹೀನತೆ. ಲೆಕ್ಕವನ್ನು ಬಿಗಿಯಾಗಿಯೇ ಹಾಕೋಣ. ಗಂಡಸರನ್ನಷ್ಟೇ ಹಿಡಿಯೋಣ, ಅವರಲ್ಲೂ ಶೇ. 60 ಮಂದಿ ಮಾತ್ರ ದಾನದ ವಯಸ್ಸಿನವರು ಎನ್ನೋಣ, ರಕ್ತಹೀನತೆ ಇದ್ದವರನ್ನೂ ಕಳೆಯೋಣ. ಆಗಲೂ ಸುಮಾರು 23 ಸಾವಿರ ನೆಗೆಟಿವ್ ದಾನಿಗಳು ಉಳಿಯುತ್ತಾರೆ. 961 ಬ್ಯಾಗಿಗೆ ಇವರಲ್ಲಿ 24 ಮಂದಿಗೊಬ್ಬರು ವರ್ಷಕ್ಕೆ ಒಮ್ಮೆ ತೋಳು ಚಾಚಿದರೆ ಸಾಕು. ನಿಯಮವಂತೂ ಗಂಡಸರಿಗೆ 90 ದಿನಕ್ಕೊಮ್ಮೆ, ಹೆಂಗಸರಿಗೆ 120 ದಿನಕ್ಕೊಮ್ಮೆ ಕೊಡಲು ಬಿಡುತ್ತದೆ.

ಹಾಗಿದ್ದರೆ ಕೊರತೆ ಏಕೆ? ಕೆಂಪು ರಕ್ತಕಣದ ಬ್ಯಾಗನ್ನು 2ರಿಂದ 6 ಡಿಗ್ರಿ ತಂಪಿನಲ್ಲಿ ಇಡಬೇಕು. ಸೇರಿಸಿದ ದ್ರಾವಣ ಯಾವುದು ಎಂಬುದರ ಮೇಲೆ ಅದರ ಆಯುಷ್ಯ 35 ಅಥವಾ 42 ದಿನ. ಯುಗಾದಿಗೋ ರಾಜ್ಯೋತ್ಸವಕ್ಕೋ ದೊಡ್ಡ ಶಿಬಿರ ಮಾಡಿ ಒಂದೇ ದಿನ ಐದು ಎಬಿ ನೆಗೆಟಿವ್ ತೆಗೆದಿಟ್ಟರೆ, ಆ ತಿಂಗಳಲ್ಲಿ ಕೇಳುವವರು ಬರದಿದ್ದರೆ ಅವು ದಿನ ಮೀರುತ್ತವೆ. ಕೊಟ್ಟವರು ಮತ್ತೆ ಮೂರು ತಿಂಗಳು ಕೊಡುವಂತಿಲ್ಲ. ಆ ಮೂರು ತಿಂಗಳಲ್ಲೇ ರೋಗಿ ಬಂದುಬಿಡುತ್ತಾನೆ. ನೆಗೆಟಿವ್ ದಾನಿಗಳನ್ನು ಶಿಬಿರಕ್ಕೆ ಒಟ್ಟಿಗೆ ಕರೆಯುವ ಪದ್ಧತಿ ನನಗೆ ಸರಿ ಕಾಣುವುದಿಲ್ಲ. ಅವರ ಹೆಸರು ಮತ್ತು ಫೋನ್ ನಂಬರನ್ನು ಬ್ಲಡ್ ಬ್ಯಾಂಕಿನಲ್ಲಿ ಬರೆದಿಟ್ಟುಕೊಂಡು, ದಾಸ್ತಾನು ಇಳಿದಾಗ ಒಬ್ಬೊಬ್ಬರನ್ನೇ ಕರೆಯಬೇಕು.

ದೂರವೂ ಒಂದು ಖರ್ಚೇ. ಚಿತ್ರದುರ್ಗದಿಂದ ಹೊಳಲ್ಕೆರೆ ಮೂವತ್ತೈದು ಕಿಲೋಮೀಟರಿನೊಳಗೆ, ಹಿರಿಯೂರು ನಲವತ್ತರ ಆಸುಪಾಸು, ಹೊಸದುರ್ಗ ಅರವತ್ತರ ಹತ್ತಿರ. ಹೊಸದುರ್ಗದ ರೋಗಿಗೆ ಜಿಲ್ಲಾ ಕೇಂದ್ರದಿಂದ ಒಂದು ಬ್ಯಾಗ್ ತರಬೇಕೆಂದರೆ ಹೋಗಿ ಬರಲು 120 ಕಿಲೋಮೀಟರ್, ಜೊತೆಗೆ ಕ್ರಾಸ್ ಮ್ಯಾಚ್ ಮುಗಿಯುವ ತನಕ ಕಾಯುವ ಹೊತ್ತು. ರಕ್ತಕ್ಕೆ ಬೆಲೆಯಿಲ್ಲ, ಸಂಸ್ಕರಣಾ ಶುಲ್ಕ ಮಾತ್ರ ಪಡೆಯಬೇಕು ಎಂಬುದು ಕಾನೂನು. 2022ರ ಪರಿಷ್ಕೃತ ದರದಂತೆ ಖಾಸಗಿ ಬ್ಲಡ್ ಬ್ಯಾಂಕ್ ಕೂಡ ಒಂದು ಯೂನಿಟ್ ಕೆಂಪುಕಣಕ್ಕೆ 1,550 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲ. ನೆಗೆಟಿವ್ ಎಂಬ ಕಾರಣಕ್ಕೆ ಒಂದು ರೂಪಾಯಿಯೂ ಹೆಚ್ಚಿಲ್ಲ. ಯಾರಾದರೂ ಹೆಚ್ಚು ಕೇಳಿದರೆ ರಸೀದಿ ಕೇಳಿ.

ಈ ವರದಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಹೆರಿಗೆಯ ಲೆಕ್ಕ. ತಾಯಿ ನೆಗೆಟಿವ್, ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಆಗಿದ್ದರೆ, ಹೆರಿಗೆ ಹೊತ್ತಿನಲ್ಲಿ ಮಗುವಿನ ರಕ್ತ ಒಂದಿಷ್ಟು ತಾಯಿಯ ಮೈಗೆ ಸೇರುತ್ತದೆ. ನೆಗೆಟಿವ್ ರಕ್ತದಲ್ಲಿ ಇಲ್ಲದ, ಮಗುವಿನ ರಕ್ತಕಣದ ಮೇಲಿರುವ ‘ಡಿ’ ಅಂಶವನ್ನು ತಾಯಿಯ ದೇಹ ಹೊರಗಿನದೆಂದು ಗುರುತಿಸಿ ಪ್ರತಿಕಾಯ ಕಟ್ಟಿಕೊಳ್ಳಬಹುದು. ಮೊದಲ ಮಗು ಸಾಮಾನ್ಯವಾಗಿ ಪಾರಾಗುತ್ತದೆ. ಎರಡನೆಯ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಆ ಪ್ರತಿಕಾಯ ಗರ್ಭದಲ್ಲೇ ಒಡೆಯುತ್ತದೆ. ಮಗು ಹುಟ್ಟುವಾಗಲೇ ರಕ್ತಹೀನತೆ, ಹುಟ್ಟಿದ ಮೊದಲ ದಿನವೇ ತೀವ್ರ ಕಾಮಾಲೆ, ಕೆಲವೊಮ್ಮೆ ಗರ್ಭದಲ್ಲೇ ಸಾವು. 1939ರಲ್ಲಿ ಲೆವಿನ್ ಮತ್ತು ಸ್ಟೆಟ್ಸನ್ ಎಂಬ ವೈದ್ಯರು ಇಂಥ ಒಬ್ಬ ತಾಯಿಯ ರಕ್ತದಲ್ಲೇ ಈ ಪ್ರತಿಕಾಯವನ್ನು ಕಂಡರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ರೀಸಸ್ ಕೋತಿಯ ರಕ್ತದ ಪ್ರಯೋಗದಿಂದ ಈ ಅಂಶಕ್ಕೆ ಆರ್‌ಎಚ್ ಎಂಬ ಹೆಸರು ಕೊಟ್ಟರು. ಈ ಪ್ರತಿಕಾಯ ಹುಟ್ಟದಂತೆ ತಡೆಯುವ ಆಂಟಿ-ಡಿ ಚುಚ್ಚುಮದ್ದು 1968ರಿಂದಲೇ ಬಳಕೆಯಲ್ಲಿದೆ.

ಕರ್ನಾಟಕದ ಜನನ ಪ್ರಮಾಣ 2020ರಲ್ಲಿ ಸಾವಿರಕ್ಕೆ 16.5. ಆ ಲೆಕ್ಕದಲ್ಲಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 27,400 ಹೆರಿಗೆ. ನೆಗೆಟಿವ್ ತಾಯಂದಿರು ಸುಮಾರು 1,585. ಅವರಲ್ಲಿ ನಾಲ್ವರಲ್ಲಿ ಮೂವರಿಗೆ ಪಾಸಿಟಿವ್ ಮಗು, ಅಂದರೆ 1,200. ಚುಚ್ಚುಮದ್ದೇ ಇಲ್ಲದ ಕಾಲದ ಪ್ರಮಾಣ ಹಿಡಿದರೆ ಇವರಲ್ಲಿ ನೂರಕ್ಕೆ 13ರಿಂದ 16 ಮಂದಿಗೆ ಪ್ರತಿಕಾಯ ಬರುತ್ತಿತ್ತು. ನಮ್ಮ ಜಿಲ್ಲೆಗೆ ಅದು ವರ್ಷಕ್ಕೆ 156ರಿಂದ 192 ತಾಯಂದಿರು. ಹೆರಿಗೆಯಾದ 72 ಗಂಟೆಯೊಳಗೆ 300 ಮೈಕ್ರೋಗ್ರಾಂ ಕೊಟ್ಟರೆ ಪ್ರಮಾಣ ಶೇ. 1ರಿಂದ 2ಕ್ಕೆ ಇಳಿಯುತ್ತದೆ: 12ರಿಂದ 24 ತಾಯಂದಿರು. ಗರ್ಭದ 28ನೇ ವಾರದಲ್ಲೂ ಒಂದು ಡೋಸ್ ಕೊಟ್ಟರೆ ಶೇ. 0.1ರಿಂದ 0.2: ವರ್ಷಕ್ಕೆ ಒಬ್ಬರೋ ಇಬ್ಬರೋ. ವೈದ್ಯಶಾಸ್ತ್ರದಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ದೊಡ್ಡ ಇಳಿಕೆ ಅಪರೂಪ.

ಖರ್ಚಿನ ಲೆಕ್ಕವನ್ನೂ ಹಾಕೋಣ. 28ನೇ ವಾರದಲ್ಲಿ 1,585 ಡೋಸ್, ಹೆರಿಗೆ ನಂತರ 1,200 ಡೋಸ್, ಒಟ್ಟು 2,785. ಔಷಧಿ ಅಂಗಡಿಯಲ್ಲಿ ಒಂದು ವಯಲ್ ಕಂಪನಿಗೆ ತಕ್ಕಂತೆ ಎರಡರಿಂದ ನಾಲ್ಕು ಸಾವಿರ ರೂಪಾಯಿ. ನಡುವಿನ 3,000 ಹಿಡಿದರೆ ಇಡೀ ಜಿಲ್ಲೆಗೆ ವರ್ಷಕ್ಕೆ 83.55 ಲಕ್ಷ ರೂಪಾಯಿ. ಸಗಟು ಖರೀದಿಯಲ್ಲಿ ಇದು ಇನ್ನೂ ಇಳಿಯಬೇಕು. ಸರ್ಕಾರಕ್ಕೆ ಇದು ದೊಡ್ಡ ಮೊತ್ತವಲ್ಲ. ಉದ್ಯೋಗ ಖಾತ್ರಿಯ 2025–26ರ ದರವಾದ ದಿನಕ್ಕೆ 370 ರೂಪಾಯಿ ಕೂಲಿಯ ಮನೆಗೆ ಮಾತ್ರ ಒಂದು ವಯಲ್ ಎಂದರೆ ಎಂಟು ದಿನದ ದುಡಿಮೆ. ಹೊರಗಿನಿಂದ ತನ್ನಿ ಎಂದು ಚೀಟಿ ಬರೆದುಕೊಟ್ಟರೆ ನಾಳೆ ನೋಡೋಣ ಎನ್ನುವುದು ಸಹಜ. ಆ ನಾಳೆಯೊಳಗೇ 72 ಗಂಟೆ ಕಳೆದುಹೋಗುತ್ತದೆ. ಹತ್ತು ದಿನದೊಳಗೆ ಕೊಟ್ಟರೂ ಒಂದಿಷ್ಟು ಪ್ರಯೋಜನ ಉಂಟು, ಆದರೆ ಪ್ರತಿಕಾಯ ಒಮ್ಮೆ ಹುಟ್ಟಿದ ಮೇಲೆ ಎಷ್ಟು ಚುಚ್ಚಿದರೂ ಉಪಯೋಗವಿಲ್ಲ. ಆರು ತಾಲ್ಲೂಕಿಗೆ ಸಮನಾಗಿ ಹಂಚಿದರೆ ವಾರಕ್ಕೆ ಒಂಬತ್ತು ವಯಲ್. ತಾಲ್ಲೂಕು ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇಪ್ಪತ್ತು ವಯಲ್ ಸದಾ ಇರುವಂತೆ ನೋಡಿಕೊಂಡರೆ ಹಿರಿಯೂರಿನವರಾಗಲಿ ಹೊಳಲ್ಕೆರೆಯವರಾಗಲಿ ಅಂಗಡಿ ಅಲೆಯಬೇಕಿಲ್ಲ.

ತಪ್ಪಿದ ಮೇಲಿನ ಲೆಕ್ಕ ಬೇರೆ. ತೀವ್ರ ಕಾಮಾಲೆಯ ಮೂರು ಕಿಲೋ ಮಗುವಿಗೆ ರಕ್ತ ಬದಲಾಯಿಸಬೇಕಾದರೆ ಕಿಲೋಗೆ 160 ಮಿಲಿಲೀಟರಿನಂತೆ ಹತ್ತಿರ ಹತ್ತಿರ ಅರ್ಧ ಲೀಟರ್, ಅದೂ ತೆಗೆದು ಕೆಲವೇ ದಿನವಾದ ತಾಜಾ ನೆಗೆಟಿವ್ ರಕ್ತ ಬೇಕು. ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪವೇ ತೆಗೆದು, ಸ್ವಲ್ಪ ಸ್ವಲ್ಪವೇ ತುಂಬುತ್ತ ಗಂಟೆಗಟ್ಟಲೆ ನಡೆಯುವ ಕೆಲಸ ಅದು. ಆ ಸೌಲಭ್ಯಕ್ಕೆ ದಾವಣಗೆರೆಗೋ ಬೆಂಗಳೂರಿಗೋ ಓಡಿದ ಕುಟುಂಬದ ಖರ್ಚಿನ ಮುಂದೆ ಎರಡು ವಯಲ್‌ಗಳ ಆರು ಸಾವಿರ ಏನೂ ಅಲ್ಲ.

ಇದನ್ನೆಲ್ಲ ತಡೆಯುವ ಪರೀಕ್ಷೆ ತೀರಾ ಸರಳ. ಬಿಳಿ ಟೈಲಿನ ಮೇಲೆ ಮೂರು ಹನಿ ರಕ್ತ. ಒಂದಕ್ಕೆ ನೀಲಿ ಬಣ್ಣದ ಆಂಟಿ-ಎ, ಇನ್ನೊಂದಕ್ಕೆ ಹಳದಿ ಆಂಟಿ-ಬಿ, ಮೂರನೆಯದಕ್ಕೆ ಬಣ್ಣವಿಲ್ಲದ ಆಂಟಿ-ಡಿ. ಕಡ್ಡಿಯಿಂದ ಕದಡಿ ಟೈಲನ್ನು ಅತ್ತಿತ್ತ ಓಲಾಡಿಸಿದರೆ, ಪಾಸಿಟಿವ್ ಆದವರ ಮೂರನೇ ಹನಿ ಎರಡು ನಿಮಿಷದೊಳಗೆ ಸಣ್ಣ ಸಣ್ಣ ಹರಳಿನಂತೆ ಗಂಟು ಕಟ್ಟುತ್ತದೆ. ನೆಗೆಟಿವ್ ಆದವರದ್ದು ನುಣ್ಣಗೆ ಹಾಗೆಯೇ ಉಳಿಯುತ್ತದೆ. ಆ ಉತ್ತರ ತಾಯಿ ಕಾರ್ಡಿನಲ್ಲಿ ಮೊದಲ ತಪಾಸಣೆಯಲ್ಲೇ ದಾಖಲಾಗಬೇಕು.

ಗರ್ಭಿಣಿ ಇರುವ ಮನೆಯವರೆಲ್ಲ ಇಂದೇ ತಾಯಿ ಕಾರ್ಡ್ ತೆಗೆದು ರಕ್ತದ ಗುಂಪು ನೋಡಿ. ನೆಗೆಟಿವ್ ಎಂದಿದ್ದರೆ ಗಂಡನ ಗುಂಪನ್ನೂ ಪರೀಕ್ಷೆ ಮಾಡಿಸಿ, 28ನೇ ವಾರದ ಡೋಸ್ ಯಾವಾಗ ಎಂದು ಆಶಾ ಕಾರ್ಯಕರ್ತೆಯನ್ನೋ ವೈದ್ಯರನ್ನೋ ಕೇಳಿ. ಗರ್ಭಪಾತವಾಗಿದ್ದರೂ ತಪ್ಪದೆ ಕೇಳಿ, ಆಗಲೂ ಚುಚ್ಚುಮದ್ದು ಬೇಕಾಗಬಹುದು. ನೀವೇ ನೆಗೆಟಿವ್ ರಕ್ತದವರಾಗಿದ್ದರೆ ಹತ್ತಿರದ ಬ್ಲಡ್ ಬ್ಯಾಂಕಿನಲ್ಲಿ ಹೆಸರು ಬರೆಸಿ, ಕರೆದಾಗ ಹೋಗಿ.