ಅಂತರಿಕ್ಷದ ಅಡಿಗೆಮನೆಗೆ ಸಾಮಾನು ಸರಬರಾಯಿ

ಉಪಾಹಾರಗೃಹಗಳಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಉಗ್ರಾಣದ ಮಹತ್ವವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ರೈಲುಗಳು ನಿಂತಾಗ, ಹಾಲೂ ತರಕಾರಿಯೂ ಬಾರದಿದ್ದರೆ ಅಡಿಗೆಮನೆಯ ಗತಿಯೇನೆಂಬುದನ್ನು ಮುಂಬಯಿ ಕಂಡಿತು. ಆದರೂ ನೀರಿಳಿದ ಮೇಲೆ ಗಾಡಿಗಳು ಬಂದವು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿರುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದವರ ಪಾಡೇನು? 2000ದ ನವೆಂಬರಿನಿಂದ ಅಲ್ಲಿ ಮನುಷ್ಯರು ಎಡೆಬಿಡದೆ ವಾಸಿಸುತ್ತಿದ್ದಾರೆ. ಅವರುಣ್ಣುವ ತುತ್ತು ಬಹುಮಟ್ಟಿಗೆ ಭೂಮಿಯಿಂದಲೇ ಹೋಗಬೇಕು.

ಹೆಚ್ಚಿನ ಸಾಮಾನನ್ನು ಹೊರುವುವು ಆಳಿಲ್ಲದ ಸರಕುನೌಕೆಗಳು. ಯಾತ್ರಿಕರ ನೌಕೆಯೂ ಬರಿಗೈಯಲ್ಲಿ ಹೋಗುವುದಿಲ್ಲ. ಆದರೆ ಅದರಲ್ಲಿ ಸ್ಥಳವು ಅತ್ಯಲ್ಪ. ಆಸನ, ಉಸಿರಾಡುವ ಗಾಳಿ, ಮರಳುವಾಗಿನ ಉರಿಯನ್ನು ತಡೆಯುವ ಕವಚ ಇವೆಲ್ಲವನ್ನೂ ಅದು ಹೊರಬೇಕು. ನಿಲ್ದಾಣಕ್ಕೆ ಕೂಡಿಕೊಂಡಿರುವಷ್ಟು ದಿನವೂ, ಅಪಾಯ ಬಂದರೆ ಜೀವ ಉಳಿಸುವ ದೋಣಿಯೂ ಅದೇ. ಆದುದರಿಂದ ಪ್ರತಿಯೊಂದು ಪೊಟ್ಟಣವನ್ನೂ ತೂಗಿಯೇ ಇಡುತ್ತಾರೆ. ತೂಕವಿಲ್ಲದ ಆ ಸ್ಥಿತಿಯಲ್ಲಿ ರೊಟ್ಟಿಯ ಪುಡಿಯೂ ತೇಲಿ ಯಂತ್ರದೊಳಗೆ ಹೊಕ್ಕೀತು. ಹಲವು ಆಹಾರಗಳನ್ನು ಒಣಗಿಸಿ, ಪೊಟ್ಟಣದಲ್ಲಿ ಭದ್ರಪಡಿಸಿ, ಉಣ್ಣುವಾಗ ನೀರೂಡಿಸುತ್ತಾರೆ.

ಈ ಕೆಲಸದಲ್ಲಿ ಕನ್ನಡನಾಡಿನ ಕೈಯೂ ಇದೆಯೆಂಬುದು ಅಭಿಮಾನದ ಸಂಗತಿ. 1984ರ ಏಪ್ರಿಲ್ 3ರಂದು ರಾಕೇಶ ಶರ್ಮರು ಸೋವಿಯತ್ ನೌಕೆಯನ್ನೇರಿ ಸಲ್ಯೂತ್ 7 ನಿಲ್ದಾಣಕ್ಕೆ ತೆರಳಿದಾಗ, ಅವರಿಗಾಗಿ ಭಾರತೀಯ ಆಹಾರವನ್ನು ಸಿದ್ಧಪಡಿಸಿದುದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ. 2025ರ ಜೂನ್ 25ರಂದು ಹೊರಟ ಶುಭಾಂಶು ಶುಕ್ಲರು ಗಜ್ಜರಿ ಹಲ್ವ, ಹೆಸರುಬೇಳೆ ಹಲ್ವ, ಮಾವಿನ ರಸಗಳನ್ನು ಒಯ್ದು ಸಂಗಡಿಗರಿಗೂ ಹಂಚಿದರು.

ಅವರ ಗಂಟಿನಲ್ಲಿ ಮತ್ತೂ ಒಂದು ವಸ್ತುವಿತ್ತು: ಧಾರವಾಡದ ಕೃಷಿ ವಿಶ್ವವಿದ್ಯಾನಿಲಯ ಹಾಗೂ ಅಲ್ಲಿನ ಐ.ಐ.ಟಿ.ಯವರು ಕಳುಹಿದ ಮೆಂತ್ಯ ಮತ್ತು ಹೆಸರುಕಾಳು. ಶುಕ್ಲರು ಅವಕ್ಕೆ ನೀರೂಡಿಸಿ ಮೊಳಕೆ ಬರಿಸಿ, ಪರೀಕ್ಷೆಗಾಗಿ ಶೈತ್ಯಪೆಟ್ಟಿಗೆಯಲ್ಲಿಟ್ಟರು. ಜುಲೈ 15ರಂದು ಅವರು ನಾಲ್ವರು ಮರಳಿದಾಗ ನೌಕೆಯಲ್ಲಿ 260 ಕಿಲೋಗ್ರಾಮಿಗೂ ಮಿಕ್ಕ ಸಾಮಗ್ರಿ ಇತ್ತು.

ಹಿಡಿ ಕಾಳಿಗೆ ಇಷ್ಟು ಆದರವೇಕೆ? ಬಳಸಿದ ನೀರನ್ನು ನೂರಕ್ಕೆ 98 ಪಾಲು ಶುದ್ಧಗೊಳಿಸಿ ಮತ್ತೆ ಕುಡಿಯಬಹುದೆಂದು ಆ ನಿಲ್ದಾಣದಲ್ಲಿ 2023ರಲ್ಲಿ ಸಾಧಿಸಿ ತೋರಿಸಿದರು. ಉಂಡ ಅನ್ನವನ್ನಾದರೋ ಹಾಗೆ ಮರಳಿ ಪಡೆಯುವಂತಿಲ್ಲ. ಮುಂದೆ ಮಂಗಳನತ್ತ ತಿಂಗಳುಗಟ್ಟಲೆ ಪಯಣಿಸುವವರ ಹಿಂದೆ ಸರಕುನೌಕೆಯು ಓಡಿಹೋಗಲಾರದು. ಅಂದು ಕಾಳು ಮೊಳೆತರೆ ಮಾತ್ರ ಹಸುರು ತುತ್ತು.

ಬಡಿಸಿದವನನ್ನು ಗಿರಾಕಿ ಕಾಣುತ್ತಾನೆ. ಒಳಗೆ ಅಕ್ಕಿ ಅಳೆದವನನ್ನು ಕಾಣುವುದಿಲ್ಲ. ಅಂತರಿಕ್ಷಕ್ಕೆ ಏರಿದವರ ಹೆಸರನ್ನು ಲೋಕವು ನೆನೆಯುವಾಗ, ಮೈಸೂರಿನಲ್ಲಿ ಪೊಟ್ಟಣ ಕಟ್ಟಿದವರನ್ನೂ ಧಾರವಾಡದಲ್ಲಿ ಕಾಳು ಆರಿಸಿದವರನ್ನೂ ನಾವಾದರೂ ನೆನೆಯೋಣ.