ವೀರಗಲ್ಲಿಗೆ ವಯಸ್ಸು ಕಟ್ಟೋದು ಹೇಗೆ?

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಬಂದಳಿಕೆಗೆ ಹೋದವರು ಸಾಮಾನ್ಯವಾಗಿ ದೇವಸ್ಥಾನಗಳ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ತ್ರಿಮೂರ್ತಿ ಗುಡಿ, ಸೋಮೇಶ್ವರ ಗುಡಿ, ಶಾಂತಿನಾಥ ಬಸದಿ ಎಲ್ಲವೂ ನೋಡಲೇಬೇಕಾದವೇ. ಆದರೆ ಅಲ್ಲೇ ಪಕ್ಕದಲ್ಲಿ ನಿಂತಿರುವ, ಸೊಂಟದೆತ್ತರದ ಸಾದಾ ಕಲ್ಲುಗಳನ್ನು ನಾವು ನೋಡಿಯೂ ನೋಡದ ಹಾಗೆ ಮುಂದೆ ಹೋಗುತ್ತೇವೆ. ಅವು ವೀರಗಲ್ಲುಗಳು. ಈ ಕಾಲದ ಭಾಷೆಯಲ್ಲಿ ಹೇಳೋದಾದರೆ ಅವು ಶೌರ್ಯ ಪದಕಗಳು. ದನ ಹಿಡಿಯಲು ಬಂದವರನ್ನು ತಡೆದು ಸತ್ತರೆ ‘ತುರುಗೊಳ್’, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತರೆ ‘ಪೆಣ್ಬುಯ್ಯಲ್’, ಊರು ಉಳಿಸಲು ಸತ್ತರೆ ‘ಊರಳಿವು’. ಸತ್ತವನ ಮನೆಯವರಿಗೆ ಭೂಮಿ ಕೊಟ್ಟರೆ ಅದಕ್ಕೆ ‘ನೆತ್ತರುಕೊಡಗೆ’ ಅನ್ನುತ್ತಿದ್ದರು. ಇವತ್ತಿನ ಫ್ಯಾಮಿಲಿ ಪೆನ್ಶನ್ ಇದ್ದ ಹಾಗೆ.

ಸರಿ, ಪದಕ ಸಿಕ್ಕಿತು. ಅದು ಯಾವ ಕಾಲದ್ದು? ಇದನ್ನು ಕಂಡುಹಿಡಿಯೋ ದಾರಿ ನಮ್ಮಂಥ ಇಂಜಿನಿಯರಿಂಗ್ ಓದುವವರಿಗೆ ಹೇಳಿ ಮಾಡಿಸಿದ ಹಾಗಿದೆ.

ಮೊದಲು ಸುಲಭದ ಕೇಸ್: ಕಲ್ಲಿನ ಮೇಲೆ ಶಕವರ್ಷವೂ ಇದೆ, ಸಂವತ್ಸರದ ಹೆಸರೂ ಇದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತೆ ಅಂತ ಹೈಸ್ಕೂಲಿನಲ್ಲೇ ಹೇಳಿಕೊಟ್ಟಿದ್ದಾರೆ. ಸಂವತ್ಸರಗಳು ಪ್ರಭವದಿಂದ ಅಕ್ಷಯದವರೆಗೆ 60, ಮುಗಿದ ಮೇಲೆ ಮತ್ತೆ ಪ್ರಭವ. ಅಂದರೆ ಶುದ್ಧ ಮಾಡ್ಯುಲೋ 60. ಕಳೆದುಹೋದ ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷವೇ ಸಂವತ್ಸರದ ಕ್ರಮಸಂಖ್ಯೆ (ಶೇಷ ಸೊನ್ನೆ ಬಂದರೆ 60ನೆಯದು). ಬೇಕಾದರೆ 2024ರ ಯುಗಾದಿಗೆ ಶುರುವಾದ ವರ್ಷಕ್ಕೆ ಹಾಕಿ ನೋಡಿ. ಶಕ 1946ಕ್ಕೆ 12 ಕೂಡಿಸಿದರೆ 1958, ಶೇಷ 38. ಪಟ್ಟಿಯಲ್ಲಿ 38ನೆಯದು ಕ್ರೋಧಿ. ಸರಿಹೋಯಿತು.

ಈಗ ನಿಜವಾದ ಕಲ್ಲಿಗೆ ಹಾಕೋಣ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಗೊತ್ತಿರಬಹುದು. ಕಾಳಿ ಅನ್ನೋ ಬೇಟೆನಾಯಿ ಹಂದಿಯ ಜೊತೆ ಹೋರಾಡಿ ಸತ್ತಿದ್ದಕ್ಕೆ ನಿಲ್ಲಿಸಿದ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಅದರಲ್ಲಿ ಶಕ 872, ಸೌಮ್ಯ ಸಂವತ್ಸರ ಅಂತ ಬರೆದಿದೆ. 872ಕ್ಕೆ 12 ಸೇರಿಸಿದರೆ 884, ಶೇಷ 44. ಆದರೆ ಸೌಮ್ಯ 43ನೆಯದು! ಒಂದು ಹೆಚ್ಚು ಬಂತು. ಕೋಡ್ ಬರೆಯುವವರಿಗೆ ಇದು ಹಳೇ ಸ್ನೇಹಿತ: ಆಫ್ ಬೈ ಒನ್ ಎರರ್. ಶಾಸನ ಬರೆದವರು ಕೆಲವೊಮ್ಮೆ ಕಳೆದುಹೋದ ವರ್ಷ ಹೇಳುತ್ತಾರೆ, ಕೆಲವೊಮ್ಮೆ ನಡೆಯುತ್ತಿರುವ ವರ್ಷ ಹೇಳುತ್ತಾರೆ. ಒಬ್ಬರ ಎಣಿಕೆ ಸೊನ್ನೆಯಿಂದ ಶುರು, ಇನ್ನೊಬ್ಬರದು ಒಂದರಿಂದ. ಇಲ್ಲಿ 872 ನಡೆಯುತ್ತಿರುವ ವರ್ಷ, ಕಳೆದದ್ದು 871. ಹಾಗಾಗಿ ಕ್ರಿ.ಶ. 949-50. ಸಂವತ್ಸರ ಅನ್ನೋದು ಇಲ್ಲಿ ಚೆಕ್‌ಸಮ್ ತರಹ ಕೆಲಸ ಮಾಡಿತು ನೋಡಿ.

ಇನ್ನು ಕಷ್ಟದ ಕೇಸ್. ಅಕ್ಷರ ಸವೆದಿದೆ, ಶಕವರ್ಷ ಹೋಗಿದೆ, ‘ವಿಕ್ರಮ ಸಂವತ್ಸರ’ ಅಂತ ಮಾತ್ರ ಓದಲು ಬರುತ್ತಿದೆ ಅಂದುಕೊಳ್ಳಿ. ವಿಕ್ರಮ 1040ರಲ್ಲೂ ಬಂದಿದೆ, 1100ರಲ್ಲೂ, 1160ರಲ್ಲೂ, 1220ರಲ್ಲೂ. ನಾಲ್ಕರಲ್ಲಿ ಯಾವುದು? 60 ವರ್ಷ ಆಚೀಚೆ ಆದರೆ ಏನು ಮಹಾ ಅಂತ ಅನ್ನಬೇಡಿ. 1100 ಆದರೆ ಅದು ಕಲ್ಯಾಣ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲ. 1160 ಆದರೆ ಕಳಚುರಿ ಬಿಜ್ಜಳ ಮೇಲೇಳುತ್ತಿದ್ದ ಕಾಲ. 1220 ಆದರೆ ಹೊಯ್ಸಳರಿಗೂ ಸೇವುಣರಿಗೂ ಪೈಪೋಟಿ ನಡೆಯುತ್ತಿದ್ದ ಕಾಲ. ವರ್ಷ ತಪ್ಪಿದರೆ ಸತ್ತವನು ಯಾರ ಕಡೆ ನಿಂತು ಸತ್ತ ಅನ್ನೋದೇ ಬದಲಾಗುತ್ತೆ.

ಇಂಥ ಕಡೆ ಸಣ್ಣ ಸಣ್ಣ ಗುರುತುಗಳು ಕೈಹಿಡಿಯುತ್ತವೆ. ಕಲ್ಲಿನಲ್ಲಿ ‘ಚಾಳುಕ್ಯ ವಿಕ್ರಮ ವರ್ಷ 25’ ಅಂತ ಇದ್ದರೆ ಕೆಲಸ ಮುಗಿದ ಹಾಗೆ. ಆ ಶಕೆ ಶುರುವಾದದ್ದು 1076ರಲ್ಲಿ, ಆದ್ದರಿಂದ 1075ಕ್ಕೆ 25 ಸೇರಿಸಿದರೆ 1100. ದೊರೆಯ ಹೆಸರಿದ್ದರೂ ಸಾಕು, ಅವನು ಆಳಿದ ವರ್ಷಗಳ ಒಳಗೇ ಹುಡುಕಬಹುದು. ಎರಡೂ ಇಲ್ಲ ಅಂದರೆ ಭಾಷೆ ನೋಡಬೇಕು. ಹಳಗನ್ನಡದ ೞ ಅಕ್ಷರ ಕಾಲ ಕಳೆದ ಹಾಗೆ ಮರೆಯಾಗಿ ಅದರ ಜಾಗದಲ್ಲಿ ಳ, ರ ಬರುತ್ತವೆ. ‘ಪಾಲು’ ಹೋಗಿ ‘ಹಾಲು’, ‘ಪೂ’ ಹೋಗಿ ‘ಹೂ’ ಆಗುತ್ತೆ. ಶಿಲ್ಪವೂ ಮಾತಾಡುತ್ತೆ. ತುಂಬಾ ಹಳೆಯ ಕಲ್ಲುಗಳಲ್ಲಿ ಹೆಚ್ಚಾಗಿ ಒಂದೇ ಚಿತ್ರ: ಆಯುಧ ಹಿಡಿದ ವೀರ. ಆಮೇಲೆ ಮೂರು ಅಂತಸ್ತಿನ ಕಲ್ಲುಗಳು ರೂಢಿಗೆ ಬಂದವು. ಕೆಳಗೆ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಮೇಲಿನ ಅಂತಸ್ತಿನಲ್ಲಿ ಲಿಂಗ ಇದೆಯಾ, ಜಿನ ಇದ್ದಾನಾ ಅನ್ನೋದು ಆ ಮನೆಯವರ ಮತ ಹೇಳುತ್ತೆ.

ಇಲ್ಲಿ ಒಂದು ಎಚ್ಚರ ಬೇಕು. ಹೊಸ ಗುರುತು ಕೊಡೋ ಗಡಿ ಗಟ್ಟಿ, ಹಳೆ ಗುರುತು ಕೊಡೋ ಗಡಿ ಸಡಿಲ. ಒಂದು ಪದಕದ ಮೇಲೆ ಆರನೇ ಜಾರ್ಜ್ ದೊರೆಯ ಮುಖ ಇದ್ದರೆ ಅದು 1936ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ, ಯಾಕೆಂದರೆ ಅವನು ಪಟ್ಟಕ್ಕೆ ಬಂದದ್ದೇ ಆಗ. ಪರಮವೀರ ಚಕ್ರ ಸ್ಥಾಪನೆ ಆದದ್ದು 1950ರ ಜನವರಿ 26ಕ್ಕೆ, ಅದಕ್ಕೂ ಮುಂಚೆ ಆ ಪದಕ ಯಾರ ಎದೆಯ ಮೇಲೂ ಇರಲಿಲ್ಲ. ಕಲ್ಲಿಗೂ ಇದೇ ಲೆಕ್ಕ. ಒಂದು ಕಲ್ಲಿನಲ್ಲಿ ವೀರನ ಕೈಯಲ್ಲಿ ಕೋವಿ ಇದ್ದರೆ ಅದು ಚಾಲುಕ್ಯರ ಕಾಲದ್ದಲ್ಲ ಅಂತ ಕಣ್ಣುಮುಚ್ಚಿ ಹೇಳಬಹುದು. ಆದರೆ ಹಳೇ ಅಕ್ಷರ ಇದೆ ಅಂದ ಮಾತ್ರಕ್ಕೆ ಕಲ್ಲು ಹಳೆಯದು ಅಂತ ಹೇಳಲಾಗದು. ಹಳೇ ಶೈಲಿಯಲ್ಲೇ ಬರೆಯೋ ಲಿಪಿಕಾರ ಇದ್ದಿರಬಹುದು. ಅದಕ್ಕೇ ಒಂದೇ ಗುರುತು ನಂಬಬಾರದು. ಲಿಪಿ, ಭಾಷೆ, ಶಿಲ್ಪ, ದೊರೆಯ ಹೆಸರು, ಎಲ್ಲಕ್ಕೂ ಒಪ್ಪುವ ಕಾಲವನ್ನೇ ಹಿಡಿಯಬೇಕು.

ವರ್ಷ ಗೊತ್ತಾದರೆ ಏನು ಸಿಗುತ್ತೆ ಅನ್ನೋದಕ್ಕೆ ಬಂದಳಿಕೆಯೇ ಸಾಕ್ಷಿ. ಆಗ ಇದರ ಹೆಸರು ಬಂದಣಿಕೆ, ಇದು ನಾಗರಖಂಡ-70 ನಾಡಿಗೆ ಸೇರಿದ್ದ ಊರು. 911ರಲ್ಲಿ ಆ ನಾಡಿನ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ರಾಷ್ಟ್ರಕೂಟರು ಆ ಹುದ್ದೆಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಟ್ಟರು. 918ರಲ್ಲಿ ಕಾಯಿಲೆ ಬಿದ್ದ ಆಕೆ ಮಗಳಿಗೆ ಹೊಣೆ ಒಪ್ಪಿಸಿ, ಬಂದಣಿಕೆಯ ಬಸದಿಗೆ ಬಂದು ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟಳು. ಈ ಶಾಸನವನ್ನು ಬಿ.ಎಲ್. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟದಲ್ಲಿ ಪ್ರಕಟಿಸಿದರು. ಕಾಲ ಉಳಿದದ್ದರಿಂದಲೇ ಹನ್ನೊಂದು ನೂರು ವರ್ಷದ ಹಿಂದೆ ಒಬ್ಬ ಹೆಂಗಸು ಏಳು ವರ್ಷ ಒಂದು ನಾಡನ್ನು ನೋಡಿಕೊಂಡಳು ಅಂತ ನಾವು ಧೈರ್ಯವಾಗಿ ಹೇಳಬಹುದು. ಆ ಸಾಲುಗಳು ಸವೆದುಹೋಗಿದ್ದರೆ ಜಕ್ಕಿಯಬ್ಬೆ ‘ಹಿಂದೆ ಯಾವಾಗಲೋ ಇದ್ದಳಂತೆ’ ಅನ್ನೋ ಕಥೆಯಾಗಿ ಉಳಿಯುತ್ತಿದ್ದಳು.

ಎಲ್ಲ ಕಲ್ಲಿಗೂ ಆ ಅದೃಷ್ಟ ಇಲ್ಲ. ನಮ್ಮ ಊರುಗಳ ಕಡೆ ವೀರಗಲ್ಲು ಬಟ್ಟೆ ಒಗೆಯೋ ಕಲ್ಲಾಗಿದೆ, ಮೋರಿಗೆ ಚಪ್ಪಡಿಯಾಗಿದೆ. ಕೆಲವಕ್ಕೆ ಭಕ್ತಿಯಿಂದಲೇ ಎಣ್ಣೆ, ಬಣ್ಣ ಬಳಿದು ಅಕ್ಷರ ಮುಚ್ಚಿಹೋಗಿದೆ. ಒಳ್ಳೇ ಮನಸ್ಸಿನಿಂದ ಎತ್ತಿ ಗುಡಿಯ ಅಂಗಳಕ್ಕೆ ತಂದಿಟ್ಟರೂ ಒಂದು ನಷ್ಟ ಇದೆ: ಮೊದಲು ಎಲ್ಲಿತ್ತು ಅಂತ ಬರೆದಿಡದಿದ್ದರೆ ಯಾವ ಊರಿನ ಯಾವ ಗಡಿಯಲ್ಲಿ ಆ ಹೋರಾಟ ನಡೆಯಿತು ಅನ್ನೋ ಸುಳಿವೇ ಹೋಗುತ್ತೆ.

ಮುಂದಿನ ಸಲ ಆ ಕಡೆ ಟ್ರಿಪ್ ಹೋದಾಗ ಇಷ್ಟು ಮಾಡಿ. ಬೆಳಿಗ್ಗೆ ಬೇಗ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆಯಿರಿ. ಆಗ ಸವೆದ ಅಕ್ಷರಕ್ಕೂ ನೆರಳು ಬೀಳುತ್ತೆ. ಮೋಡ ಇದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಅಳತೆಗೆ ಒಂದು ಸ್ಕೇಲ್ ಇಡಿ, ಜಿಪಿಎಸ್ ಲೊಕೇಶನ್ ಬರೆದುಕೊಳ್ಳಿ. ಚಾಕ್‌ಪೀಸ್ ಉಜ್ಜಬೇಡಿ, ನೀರು ಹಾಕಿ ತಿಕ್ಕಬೇಡಿ, ಕಲ್ಲನ್ನು ಜಾಗ ಬಿಟ್ಟು ಕದಲಿಸಬೇಡಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳ 3ಡಿ ಸ್ಕ್ಯಾನಿಂಗ್ ಮಾಡುತ್ತಿದ್ದಾರೆ, ಇಮೇಜ್ ಪ್ರೊಸೆಸಿಂಗ್ ಓದುತ್ತಿರುವವರಿಗೆ ಅಲ್ಲಿ ಒಳ್ಳೇ ಪ್ರಾಜೆಕ್ಟ್ ಐಡಿಯಾ ಇದೆ.

ಅಷ್ಟೂ ಆಗದಿದ್ದರೆ ಒಂದು ಕಲ್ಲಿನ ಮುಂದೆ ಐದು ನಿಮಿಷ ನಿಂತು, ಕೆಳಗಿನ ಅಂತಸ್ತಿನಿಂದ ಮೇಲಕ್ಕೆ ಓದಿ. ಅದನ್ನು ಹಾಗೇ ಓದಬೇಕು ಅಂತಲೇ ಕೆತ್ತಿದ್ದಾರೆ.