ನೂರಕ್ಕೆ ಎಷ್ಟು ಮಂದಿ?



ಇಂಥ ರಕ್ತವರ್ಗದವರು ನೂರಕ್ಕೆ ಇಷ್ಟು ಮಂದಿಯೆಂದು ಪುಸ್ತಕಗಳಲ್ಲಿ ಓದುತ್ತೇವೆ. ಜನಗಣತಿಯವರು ನಮ್ಮ ವಯಸ್ಸು, ಕಸಬುಗಳನ್ನು ಬರೆದುಕೊಳ್ಳುವರಲ್ಲದೆ ಬೆರಳು ಚುಚ್ಚಿ ರಕ್ತವನ್ನು ತೆಗೆಯುವುದಿಲ್ಲ. ಹಾಗಾದರೆ ಈ ಅಂಕಿಗಳು ಬಂದುದೆಲ್ಲಿಂದ?

1901ರಲ್ಲಿ ವಿಯೆನ್ನಾ ನಗರದ ಲ್ಯಾಂಡ್‌ಸ್ಟೈನರ್ ಎಂಬ ವಿದ್ವಾಂಸರು, ಸಹೋದ್ಯೋಗಿಗಳೇ ಮೊದಲಾದ 22 ಮಂದಿಯ ರಕ್ತವನ್ನು ತೆಗೆದು, ಒಬ್ಬರ ರಕ್ತರಸದಲ್ಲಿ ಇನ್ನೊಬ್ಬರ ರಕ್ತಕಣಗಳು ಮುದ್ದೆಗಟ್ಟುವ ಬಗೆಯನ್ನು ಪರೀಕ್ಷಿಸಿ, ಮೂರು ವರ್ಗಗಳುಂಟೆಂದು ತಿಳಿಸಿದರು. ಎಬಿ ಎಂಬ ನಾಲ್ಕನೆಯದು ಅವರಿಗೆ ದೊರೆಯಲೇ ಇಲ್ಲ. ವಿರಳವಾದುದು 22 ಮಂದಿಯಲ್ಲಿ ಒಬ್ಬರಲ್ಲಿಯೂ ಇರದಿದ್ದುದು ಸೋಜಿಗವಲ್ಲ. ಮರುವರ್ಷ ಬೇರೆ ಇಬ್ಬರು ಹೆಚ್ಚು ಜನರನ್ನು ಪರೀಕ್ಷಿಸಿದಾಗ ಅದು ಬೆಳಕಿಗೆ ಬಂದಿತು.

ಜನಾಂಗಗಳನ್ನು ಹೋಲಿಸುವ ಅಂಕಿಗಳು ಹುಟ್ಟಿದುದು ಯುದ್ಧರಂಗದಲ್ಲಿ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಗ್ರೀಸಿನ ಸಲೋನಿಕಾ ಪಟ್ಟಣದ ಬಳಿ ಆಂಗ್ಲರು, ಫ್ರೆಂಚರು, ಸರ್ಬಿಯನರು, ಆಫ್ರಿಕದವರು, ಭಾರತೀಯರು ಮುಂತಾದವರ ದಂಡುಗಳು ಬೀಡುಬಿಟ್ಟಿದ್ದುವು. ಸರ್ಬಿಯಾದ ಸೈನ್ಯದಲ್ಲಿ ವೈದ್ಯರಾಗಿದ್ದ ಲುಡ್ವಿಕ್ ಹಿರ್ಷ್‌ಫೆಲ್ಡ್, ಹನ್ನಾ ಹಿರ್ಷ್‌ಫೆಲ್ಡ್ ದಂಪತಿಗಳು ಒಂದೊಂದು ಜನಾಂಗಕ್ಕೆ ಸಾಮಾನ್ಯವಾಗಿ 500 ಮಂದಿಯನ್ನು ಪರೀಕ್ಷಿಸಿ 1919ರಲ್ಲಿ ಫಲವನ್ನು ಪ್ರಕಟಿಸಿದರು. ಎ ವರ್ಗವು ಆಂಗ್ಲರಲ್ಲಿ ನೂರಕ್ಕೆ ಸುಮಾರು 43, ಭಾರತೀಯರಲ್ಲಿ 19. ಬಿ ವರ್ಗವು ಆಂಗ್ಲರಲ್ಲಿ 7, ಭಾರತೀಯರಲ್ಲಿ 41.

ಇಲ್ಲಿ ‘ಭಾರತೀಯರು’ ಎಂದರೆ ಯಾರು? ಸಿಪಾಯಿಗಳು. ಅವರಲ್ಲಿ ಹೆಂಗಸರಾಗಲಿ ಮುದುಕರಾಗಲಿ ಇಲ್ಲದಿದ್ದುದು ದೊಡ್ಡ ಮಾತಲ್ಲ. ಈ ವರ್ಗಗಳು ಲಿಂಗ, ವಯಸ್ಸುಗಳನ್ನು ಅನುಸರಿಸತಕ್ಕವಲ್ಲ. ಆದರೆ ಅವು ವಂಶದಿಂದ ಬರತಕ್ಕವು. ಸೈನ್ಯಕ್ಕಾದರೋ ಆಗ ಹೆಚ್ಚಾಗಿ ಪಂಜಾಬು ಮೊದಲಾದ ಉತ್ತರದ ಕೆಲವು ಪ್ರಾಂತಗಳಿಂದಲೇ ಆಳುಗಳನ್ನು ಸೇರಿಸಿಕೊಳ್ಳುತ್ತಿದ್ದರು. ನಮ್ಮ ಕನ್ನಡ ನಾಡಿನಲ್ಲಿ ಬಿ ವರ್ಗಕ್ಕಿಂತ ಓ ವರ್ಗದವರೇ ಹೆಚ್ಚು. ಎಣಿಕೆ ಸರಿಯೇ, ಅದಕ್ಕೆ ಕೊಟ್ಟ ಹೆಸರು ಮಾತ್ರ ಮಿತಿಮೀರಿ ದೊಡ್ಡದು.

ಈಗ ಇಂಥ ಅಂಕಿಗಳು ಬಹುಮಟ್ಟಿಗೆ ರಕ್ತನಿಧಿಗಳಿಂದ ಬರುತ್ತವೆ. ವಿರಳ ವರ್ಗದ ದಾನಿಗಳನ್ನು ಅಲ್ಲಿ ಮತ್ತೆ ಮತ್ತೆ ಕರೆಸುವುದುಂಟು. ಮನುಷ್ಯರನ್ನು ಬಿಟ್ಟು ರಕ್ತದ ಚೀಲಗಳನ್ನೆಣಿಸಿದರೆ ಅವರ ಪಾಲು ಹೆಚ್ಚಾಗಿ ತೋರುವುದು.

ಇನ್ನು, ಪರೀಕ್ಷೆಯೇ ಒಬ್ಬರನ್ನು ಮರೆಮಾಡಬಹುದು. 1952ರಲ್ಲಿ ಮುಂಬಯಿಯ ವೈದ್ಯರು ಒಂದು ಹೊಸ ವರ್ಗವನ್ನು ವರ್ಣಿಸಿದರು. ‘ಬಾಂಬೆ’ ಎಂದೇ ಅದರ ಹೆಸರು. ಸಾಧಾರಣ ಪರೀಕ್ಷೆಯಲ್ಲಿ ಇವರ ರಕ್ತಕಣಗಳು ಓ ವರ್ಗದವುಗಳಂತೆಯೇ ತೋರುತ್ತವೆ. ಆದರೆ ಓ ರಕ್ತವನ್ನು ಕೊಟ್ಟರೆ ಪ್ರಾಣಕ್ಕೇ ಅಪಾಯ. ಕಣಗಳನ್ನಷ್ಟೇ ನೋಡಿ ಬರೆದ ಪಟ್ಟಿಯಲ್ಲಿ ಇಂಥವರು ಓ ಎಂದೇ ಲೆಕ್ಕಕ್ಕೆ ಸೇರುವರು. ರಕ್ತವನ್ನು ಕೊಡುವ ಮುನ್ನ ದಾನಿಯ ಕಣಗಳನ್ನು ರೋಗಿಯ ರಕ್ತರಸದೊಡನೆ ಬೆರೆಸಿ ನೋಡುವ ಕ್ರಮವುಂಟು. ಎಷ್ಟೋ ವೇಳೆ, ಅಲ್ಲಿ ಎಲ್ಲ ಓ ಚೀಲಗಳೂ ಮುದ್ದೆಗಟ್ಟಿದಾಗಲೇ ಆ ರೋಗಿಯ ನಿಜವಾದ ವರ್ಗವು ತಿಳಿಯುವುದು.